ಇಂಗ್ಲೆಂಡಿನಲ್ಲಿ ಕ್ರಿಸ್ಮಸ್: ಯಾರ್ಕೋ, ಬಾತೋ, ಡರಮ್ಮೋ?

ಡಿಸೆಂಬರ್ 25ರಂದು ಇಂಗ್ಲೆಂಡಿನಲ್ಲಿ ರೈಲು ಓಡುವುದಿಲ್ಲ. ಲಂಡನ್ನಿನ ಟ್ಯೂಬ್, ಅಂದರೆ ನೆಲದಡಿಯ ರೈಲು ಕೂಡ ಇಲ್ಲ. ದೊಡ್ಡ ಅಂಗಡಿಗಳು ಬಾಗಿಲು ತೆಗೆಯುವ ಹಾಗೇ ಇಲ್ಲ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಆ ದಿನ ವ್ಯಾಪಾರ ಮಾಡಬಾರದು ಅಂತ 2004ರಲ್ಲಿ ಕಾನೂನೇ ಆಗಿದೆ. ಮಾರನೇ ದಿನ, ಅಂದರೆ ಬಾಕ್ಸಿಂಗ್ ಡೇ ದಿನ, ಅಂಗಡಿಗಳು ತೆರೆಯುತ್ತವೆ. ಆದರೆ ರೈಲು ಹೆಚ್ಚುಕಮ್ಮಿ ಇರುವುದಿಲ್ಲ. 24ರ ಸಂಜೆ ನೀವು ಯಾವ ಊರಿನಲ್ಲಿ ಇಳಿದಿರೋ, 27ರ ಬೆಳಿಗ್ಗೆವರೆಗೆ ಅದೇ ನಿಮ್ಮ ಊರು. ಕಾರಿಲ್ಲದವರಿಗಂತೂ ಬೇರೆ ದಾರಿಯೇ ಇಲ್ಲ.

ಚಳಿಗಾಲ ಹತ್ತಿರ ಬಂತೆಂದರೆ ನೆಂಟರ ಫೋನು ಶುರುವಾಗುತ್ತದೆ. "ಮಗಳ ಮನೆಗೆ ಬರ್ತಿದ್ದೀವಿ, ಕ್ರಿಸ್ಮಸ್ಸಿಗೆ ಎಲ್ಲಾದರೂ ಚೆನ್ನಾಗಿರೋ ಊರಿಗೆ ಹೋಗೋಣ ಅಂತ, ಯಾವುದು ಹೇಳು." ಕೈಯಲ್ಲಿ ಆಗಲೇ ನಾಲ್ಕಾರು ಫೋಟೋ ಇರುತ್ತವೆ. ಮರದ ಗೂಡಂಗಡಿ, ದೀಪದ ಸರ, ಹಬೆಯಾಡುವ ಲೋಟ. ಆ ಫೋಟೋಗಳಲ್ಲಿ ಬಹುಪಾಲು ಡಿಸೆಂಬರ್ ಮೊದಲ ವಾರದವು. ನೀವು ಹೋಗುವ ದಿನ ಆ ಗೂಡಂಗಡಿಗಳು ಲಾರಿ ಹತ್ತಿ ಹೋಗಿರುತ್ತವೆ.

ಹಾಗಾಗಿ ಊರು ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ. 24ರ ಸಂಜೆಯಿಂದ 26ರ ರಾತ್ರಿವರೆಗೆ, ಕೋಣೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಈ ಊರಿನಲ್ಲಿ ಏನು ನಡೆಯುತ್ತದೆ? ಉಳಿದದ್ದೆಲ್ಲ ಆಮೇಲೆ.

ಮಾರುಕಟ್ಟೆ ನೋಡಬೇಕಾ, ಹಬ್ಬ ನೋಡಬೇಕಾ?

ಇವೆರಡೂ ಬೇರೆ ಬೇರೆ ಪ್ರವಾಸ. ಬಾತ್ ಊರಿನ ಕ್ರಿಸ್ಮಸ್ ಮಾರುಕಟ್ಟೆ ನವೆಂಬರ್ ಕೊನೆಗೆ ಶುರುವಾಗಿ ಡಿಸೆಂಬರ್ ಮಧ್ಯಕ್ಕೆ ಮುಗಿದುಹೋಗುತ್ತದೆ. ಯಾರ್ಕಿನ ಸೇಂಟ್ ನಿಕೊಲಸ್ ಫೇರ್ ಮತ್ತು ವಿಂಚೆಸ್ಟರ್ ಕ್ಯಾಥೆಡ್ರಲ್ ಪಕ್ಕದ ಮಾರುಕಟ್ಟೆ ಇನ್ನೊಂದು ವಾರ ಎಳೆಯುತ್ತವೆ, ಅಷ್ಟೇ. ಪ್ರತಿ ವರ್ಷ ಒಂದೆರಡು ದಿನ ಆಚೀಚೆ ಆಗುತ್ತದೆ, ಆಯಾ ಊರಿನ ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ.

ಲಿಂಕನ್ ಹೆಸರು ಇನ್ನೂ ಎಷ್ಟೋ ಪಟ್ಟಿಗಳಲ್ಲಿ ಮೇಲಿದೆ. ಅದನ್ನು ನಂಬಿ ಹೋಗಬೇಡಿ. ಈ ಕಾಲದ ಕ್ರಿಸ್ಮಸ್ ಮಾರುಕಟ್ಟೆಯ ಗೀಳು ಇಂಗ್ಲೆಂಡಿಗೆ ಹತ್ತಿದ್ದರಲ್ಲಿ ಲಿಂಕನ್ನಿನ ಪಾಲು ದೊಡ್ಡದು. 1982ರಲ್ಲಿ, ಜರ್ಮನಿಯಲ್ಲಿರುವ ತನ್ನ ಜೋಡಿ ಊರನ್ನು ನೋಡಿ ಶುರುಮಾಡಿದ್ದು. ಬೆಳೆದು ಬೆಳೆದು, 2022ರಲ್ಲಿ ನಾಲ್ಕೇ ದಿನಕ್ಕೆ 3 ಲಕ್ಷಕ್ಕೂ ಹೆಚ್ಚು ಜನ ಬಂದರು. ಕೋಟೆಗೂ ಕ್ಯಾಥೆಡ್ರಲಿಗೂ ನಡುವಿನ ಹಳೇ ಬೀದಿಗಳಲ್ಲಿ ಉಸಿರಾಡಲೂ ಜಾಗವಿಲ್ಲ ಅನ್ನುವ ಹಾಗಾಯಿತು. ಜನರ ಸುರಕ್ಷತೆಯ ಕಾರಣಕ್ಕೆ ನಗರಸಭೆ 2023ರಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು.

ಇದರಿಂದ ಒಂದು ಮಾತು ಹೊಳೆಯುತ್ತದೆ. ಗೂಡಂಗಡಿಗಳ ಸಾಲು ಇಂಗ್ಲಿಷರ ಕ್ರಿಸ್ಮಸ್ಸಿಗೆ ನಿನ್ನೆ ಮೊನ್ನೆ ಸೇರಿಕೊಂಡದ್ದು. ಅವರು ತಲೆಮಾರುಗಳಿಂದ ಮಾಡುತ್ತಾ ಬಂದದ್ದು ಬೇರೆ: ಚರ್ಚಿನಲ್ಲೋ ಪಬ್ಬಿನಲ್ಲೋ ಸೇರಿ ಕ್ಯಾರಲ್ ಅನ್ನುವ ಕ್ರಿಸ್ಮಸ್ ಹಾಡು ಹಾಡುವುದು, 25ರ ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಉಣ್ಣುವುದು, 26ರಂದು ಬೂಟು ಹಾಕಿಕೊಂಡು ಕೆಸರಿನಲ್ಲಿ ನಡೆಯುವುದು, ಮಕ್ಕಳನ್ನು ಪ್ಯಾಂಟೊಮೈಮ್ ನಾಟಕಕ್ಕೆ ಕರೆದುಕೊಂಡು ಹೋಗುವುದು. ಹಬ್ಬ ನೋಡಬೇಕು ಅನ್ನುವವರು ಇದನ್ನು ಹುಡುಕಬೇಕು. ಸುಮ್ನೆ ದೀಪ ನೋಡಿ, ಏನಾದರೂ ಕೊಂಡು ಬರೋಣ ಅನ್ನುವವರು ಡಿಸೆಂಬರ್ ಎರಡನೇ ವಾರದ ಮಂಗಳವಾರವೋ ಬುಧವಾರವೋ ಬಾತಿಗೆ ಹೋಗಿ ಬನ್ನಿ. ಶನಿವಾರ ಮಾತ್ರ ಬೇಡ. ಇನ್ನು ಮುಂದಿನದ್ದು ಹಬ್ಬದ ದಿನಗಳಿಗೆ ಹೋಗುವವರಿಗೆ.

ಯಾರ್ಕ್: ಮೊದಲ ಸಲ ಹೋಗುವವರಿಗೆ

ಒಂದೇ ಊರು ಹೇಳು ಅಂದರೆ ನಾನು ಯಾರ್ಕ್ ಹೇಳುತ್ತೇನೆ. ಕಾರಣ ಸರಳ. ಊರು ಚಪ್ಪಟೆಯಾಗಿದೆ, ಹಳೇ ಕೋಟೆಗೋಡೆಯ ಒಳಗೆ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೂ ತೊಂದರೆಯಿಲ್ಲ. ಲಂಡನ್ನಿನ ಕಿಂಗ್ಸ್ ಕ್ರಾಸಿನಿಂದ ವೇಗದ ರೈಲಿನಲ್ಲಿ ಎರಡು ಗಂಟೆ. ಸ್ಟೇಷನ್ನಿನಿಂದ ಮಿನ್‌ಸ್ಟರಿಗೆ ಕಾಲು ಗಂಟೆ ನಡಿಗೆ.

ಯಾರ್ಕ್ ಮಿನ್‌ಸ್ಟರ್ ಅಂದರೆ ಊರಿನ ಕ್ಯಾಥೆಡ್ರಲ್. ಬೇರೆ ದಿನ ಅದನ್ನು ನೋಡಲು ಟಿಕೆಟ್ ಕೊಳ್ಳಬೇಕು, ಅದೂ ಅಗ್ಗವೇನಲ್ಲ. ಪ್ರಾರ್ಥನೆಗೆ ಬರುವವರಿಗೆ ದುಡ್ಡಿಲ್ಲ. 24ರ ಸಂಜೆ ಕ್ಯಾರಲ್ ಹಾಡುಗಳ ಪ್ರಾರ್ಥನೆ, ನಡುರಾತ್ರಿಗೆ ಇನ್ನೊಂದು, 25ರ ಬೆಳಿಗ್ಗೆ ಮತ್ತೊಂದು. ನೀವು ಯಾವ ಧರ್ಮ ಅಂತ ಯಾರೂ ಕೇಳುವುದಿಲ್ಲ. ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತರೆ ಸಾಕು. ಹಾಡಿನ ಹಾಳೆಯನ್ನು ಕೈಗೆ ಕೊಡುತ್ತಾರೆ. ಜನ ಜಾಸ್ತಿ ಆಗುವ ಕಡೆ ಮುಂಚಿತವಾಗಿ ಉಚಿತ ಟಿಕೆಟ್ ತೆಗೆದುಕೊಳ್ಳಿ ಅನ್ನುವುದೂ ಉಂಟು, ಅಕ್ಟೋಬರಿನಿಂದಲೇ ಕಣ್ಣಿಟ್ಟಿರಬೇಕು. ಈ ಮಿನ್‌ಸ್ಟರಿನಲ್ಲಿ ಕ್ರಿಸ್ಮಸ್ ಸಮಯಕ್ಕೆ ಮುಖ್ಯ ಪೂಜಾಪೀಠದ ಮೇಲೆ ಮಿಸಲ್‌ಟೋ ಗಿಡದ ಗೊಂಚಲು ಇಡುವ ಹಳೇ ಪದ್ಧತಿಯಿದೆ. ಮರದ ಕೊಂಬೆಗೆ ಬಂದಣಿಕೆಯ ಹಾಗೆ ಅಂಟಿಕೊಂಡು ಬೆಳೆಯುವ, ಬಿಳಿ ಹಣ್ಣಿನ ಗಿಡ. ಕ್ರಿಸ್ತನಿಗಿಂತ ಹಿಂದಿನ ಕಾಲದ ನಂಬಿಕೆಗಳು ಅಂಟಿಕೊಂಡಿವೆ ಅಂತ ಎಷ್ಟೋ ಚರ್ಚುಗಳು ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

25ರ ಬೆಳಿಗ್ಗೆ ಬೇಗ ಎದ್ದು ಶ್ಯಾಂಬಲ್ಸ್ ಬೀದಿಗೆ ಹೋಗಿ. ಒಂದು ಕಾಲಕ್ಕೆ ಕಟುಕರ ಬೀದಿ. ಮರದ ಚೌಕಟ್ಟಿನ ಮನೆಗಳು ಮೇಲೆ ಹೋಗುತ್ತಾ ಹೋಗುತ್ತಾ ಮುಂದಕ್ಕೆ ಬಾಗಿವೆ, ಎದುರುಬದುರಿನ ಮಾಳಿಗೆಗಳು ಹತ್ತತ್ತಿರ ಬಂದು ನಡುವೆ ಒಂದು ಗೀರು ಆಕಾಶ ಮಾತ್ರ ಉಳಿಯುತ್ತದೆ. ಅಂಗಡಿಗಳ ಮುಂದೆ ಮಾಂಸ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆಗಳು ಇನ್ನೂ ಇವೆ. ಬೇರೆ ದಿನ ಇಲ್ಲಿ ಫೋಟೋ ತೆಗೆಯುವವರ ಮೊಣಕೈ ತಪ್ಪಿಸಿಕೊಂಡು ನಡೆಯಬೇಕು. ಆ ಒಂದು ಬೆಳಿಗ್ಗೆ ಕಲ್ಲುಹಾಸಿನ ಮೇಲೆ ನಿಮ್ಮ ಬೂಟಿನ ಸದ್ದು ನಿಮಗೇ ಕೇಳುತ್ತದೆ.

ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಇಲ್ಲೇ ಇದೆ, ಪ್ರವೇಶ ಉಚಿತ. ಆದರೆ 24ರಿಂದ 26ರವರೆಗೆ ಬಾಗಿಲು ಹಾಕಿರುತ್ತದೆ. ಮಕ್ಕಳಿದ್ದರೆ 23ಕ್ಕೇ ಊರು ಸೇರಿ, ಅಥವಾ 27ಕ್ಕೆ ಅದನ್ನು ಮುಗಿಸಿ ಹೊರಡಿ. ಬೆಟ್ಟೀಸ್ ಅನ್ನುವ ಚಹಾದ ಹೋಟೆಲು 1937ರಿಂದ ಇಲ್ಲಿದೆ, ಅದರ ಒಳಾಂಗಣಕ್ಕೆ ಕ್ವೀನ್ ಮೇರಿ ಹಡಗೇ ಮಾದರಿ. ಡಿಸೆಂಬರಿನಲ್ಲಿ ಹೊರಗೆ ಸಾಲು ಉದ್ದ ಇರುತ್ತದೆ. ಚಳಿಯಲ್ಲಿ ಅಷ್ಟು ಹೊತ್ತು ನಿಲ್ಲುವಷ್ಟು ಆ ಚಹಾ ದೊಡ್ಡದೇನಲ್ಲ ಅಂತ ನನ್ನ ಅಭಿಪ್ರಾಯ. ಕೇಕು ಮಾತ್ರ ಅಂಗಡಿ ಭಾಗದಲ್ಲಿ ಕೊಂಡು ಕೋಣೆಗೆ ತನ್ನಿ.

ಯಾರ್ಕಿನ ಕೆಟ್ಟ ಗುಣ ನೀರು. ಊಸ್ ನದಿ ಚಳಿಗಾಲದಲ್ಲಿ ದಡ ಮೀರುವುದು ಇಲ್ಲಿ ಮಾಮೂಲು. 2015ರ ಬಾಕ್ಸಿಂಗ್ ಡೇ ಹೊತ್ತಿಗೆ ಫಾಸ್ ನದಿಯ ತಡೆಗೇಟನ್ನು ಎತ್ತಬೇಕಾಗಿ ಬಂದು ನೂರಾರು ಮನೆ ಅಂಗಡಿಗಳಿಗೆ ನೀರು ನುಗ್ಗಿತು. ನದಿ ಪಕ್ಕದ ಒಂದು ಪಬ್ಬಿನಲ್ಲಿ ಯಾವ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಗುರುತು ಹಾಕಿಟ್ಟಿದ್ದಾರೆ. ನೋಡಿ ನಗಬಹುದು. ಆದರೆ ಕೋಣೆ ಹಿಡಿಯುವಾಗ ನದಿ ದಡದ ನೆಲಮಾಳಿಗೆ ಫ್ಲ್ಯಾಟು ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಗೋಡೆಯೊಳಗೆ, ಮಿನ್‌ಸ್ಟರಿನ ಸುತ್ತಮುತ್ತ ಹುಡುಕಿ.

ಬಾತ್: ಇಬ್ಬರೇ ಹೋಗುವುದಾದರೆ

ಬಾತ್ ಚೆಲುವಾದ ಊರು, ಅದರಲ್ಲಿ ಎರಡು ಮಾತಿಲ್ಲ. ಊರಿಗೆ ಊರೇ ತಿಳಿ ಜೇನಿನ ಬಣ್ಣದ ಕಲ್ಲು. ಮೂರೂವರೆ ಗಂಟೆಗೆ ಬಿಸಿಲು ಓರೆಯಾದಾಗ ಗೋಡೆಗಳೆಲ್ಲ ಹೊಂಬಣ್ಣಕ್ಕೆ ತಿರುಗುತ್ತವೆ. ಲಂಡನ್ನಿನ ಪ್ಯಾಡಿಂಗ್ಟನ್ನಿನಿಂದ ಒಂದೂವರೆ ಗಂಟೆಯೊಳಗೆ ಬರಬಹುದು. ಹಾಗಾಗಿ ದುಬಾರಿ. ಇಲ್ಲಿ ಹೇಳುತ್ತಿರುವ ಊರುಗಳಲ್ಲಿ ಕೋಣೆಗೆ ಜಾಸ್ತಿ ದುಡ್ಡು ಬಿಚ್ಚಬೇಕಾದದ್ದು ಇಲ್ಲೇ.

ಈ ಊರಿನ ನಿಜವಾದ ಸಂಪತ್ತು ನೆಲದಿಂದ 46 ಡಿಗ್ರಿ ಬಿಸಿಯಲ್ಲಿ ಉಕ್ಕುವ ನೀರು. ರೋಮನ್ನರು ಕಟ್ಟಿದ ಸ್ನಾನಗೃಹವನ್ನು ನೋಡಬಹುದು, ಇಳಿಯುವಂತಿಲ್ಲ. ಅದೂ 25 ಮತ್ತು 26ರಂದು ಮುಚ್ಚಿರುತ್ತದೆ. ನೀರಿಗಿಳಿಯಬೇಕು ಅಂದರೆ ಪಕ್ಕದ ಥರ್ಮೇ ಬಾತ್ ಸ್ಪಾಗೆ ಹೋಗಬೇಕು. ಮಹಡಿಯ ಮೇಲೆ, ತೆರೆದ ಆಕಾಶದ ಕೆಳಗೆ ಬೆಚ್ಚಗಿನ ಕೊಳ. ಡಿಸೆಂಬರಿನ ಮುಸ್ಸಂಜೆ ಕುತ್ತಿಗೆವರೆಗೆ ಬಿಸಿನೀರಿನಲ್ಲಿ ನಿಂತರೆ, ಕೊರೆಯುವ ಗಾಳಿ ಕಿವಿಗೆ ಬಡಿಯುತ್ತಿದ್ದರೂ ಮೈಗೆ ಹಾಯಾಗಿರುತ್ತದೆ. ಹಬೆಯ ನಡುವೆ ಬಾತ್ ಅಬಿ ಅನ್ನುವ ದೊಡ್ಡ ಚರ್ಚಿನ ಗೋಪುರ ಕಂಡೂ ಕಾಣದ ಹಾಗೆ ಇರುತ್ತದೆ. 25ರಂದು ಇದೂ ಇಲ್ಲ, 24ಕ್ಕೇ ಮುಗಿಸಿಕೊಳ್ಳಿ. 16 ವರ್ಷದೊಳಗಿನವರನ್ನು ಬಿಡುವುದಿಲ್ಲ. ಚಿಕ್ಕ ಮಕ್ಕಳಿರುವವರಿಗೆ ಬಾತ್ ಬೇಡ ಅನ್ನುವುದಕ್ಕೆ ನನಗೆ ಇದೇ ಕಾರಣ: ಊರಿನ ಅತಿ ಒಳ್ಳೆಯದ್ದು ಅವರಿಗೆ ಸಿಗುವುದಿಲ್ಲ.

ಅಬಿಯಲ್ಲಿ ಕ್ರಿಸ್ಮಸ್ ಪ್ರಾರ್ಥನೆಗೆ ಹೋದರೆ ಹಾಡು ಶುರುವಾಗುವ ಮುಂಚೆ ಗೋಡೆಗಳನ್ನು ಓದಿ. ನೂರಾರು ಸ್ಮಾರಕ ಫಲಕಗಳಿವೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿಕೊಂಡು, ಆರೋಗ್ಯ ಕೆಟ್ಟು, ಬಿಸಿನೀರಿನ ಆಸೆಗೆ ಇಲ್ಲಿಗೆ ಬಂದು ಸತ್ತವರ ಹೆಸರುಗಳೂ ಅದರಲ್ಲಿವೆ. ನಮ್ಮ ಕಡೆಯವರು ಓದುವಾಗ ಒಂಥರಾ ಆಗುತ್ತದೆ, ಅಲ್ವಾ?

ಬಾತನ್ನು ಆರಿಸಲು ನನ್ನ ಪ್ರಕಾರ ಇನ್ನೂ ದೊಡ್ಡ ಕಾರಣ ಊರಿನ ಹೊರಗಿದೆ. ಮಾರ್ಷ್‌ಫೀಲ್ಡ್ ಅಂತ ಹನ್ನೆರಡು ಹದಿಮೂರು ಕಿಲೋಮೀಟರ್ ದೂರದ ಸಣ್ಣ ಊರು. ಬಾಕ್ಸಿಂಗ್ ಡೇ ಬೆಳಿಗ್ಗೆ 11 ಗಂಟೆಗೆ ಅಲ್ಲಿನ ಹೈ ಸ್ಟ್ರೀಟಿನಲ್ಲಿ ಪೇಪರ್ ಬಾಯ್ಸ್ ಅನ್ನುವವರು ಬೀದಿನಾಟಕ ಆಡುತ್ತಾರೆ. ತಲೆಯಿಂದ ಕಾಲಿನವರೆಗೆ ಸೀಳಿದ ಕಾಗದದ ಪಟ್ಟಿಗಳ ವೇಷ. ಮುಖವೂ ಕಾಣುವುದಿಲ್ಲ, ನಡೆದರೆ ಸರಬರ ಸದ್ದು. ಊರಿನ ಡಂಗುರದವನು ಗಂಟೆ ಬಾರಿಸುತ್ತಾ ಮುಂದೆ, ಇವರು ಏಳು ಜನ ಹಿಂದೆ. ಕಿಂಗ್ ವಿಲಿಯಂ ಅನ್ನುವವನು ಲಿಟಲ್ ಮ್ಯಾನ್ ಜಾನ್ ಅನ್ನುವವನನ್ನು ಕತ್ತಿಯಿಂದ ಹೊಡೆದು ಕೆಡವುತ್ತಾನೆ, ವೈದ್ಯನೊಬ್ಬ ಬಂದು ಸತ್ತವನನ್ನು ಎಬ್ಬಿಸುತ್ತಾನೆ. ಮಾತೆಲ್ಲ ಒಂದೇ ರಾಗದಲ್ಲಿ, ಗಟ್ಟಿಯಾಗಿ, ಭಾವವಿಲ್ಲದೆ. ಒಂದು ಕಡೆ ಮುಗಿಸಿ ಬೀದಿಯಲ್ಲಿ ಇನ್ನಷ್ಟು ಮುಂದೆ ಹೋಗಿ ಅದನ್ನೇ ಮತ್ತೆ ಆಡುತ್ತಾರೆ.

ಈ ಆಟ ನಿಂತೇಹೋಗಿತ್ತು. 1930ರ ಸುಮಾರಿಗೆ ಅಲ್ಲಿನ ಪಾದ್ರಿಯ ತೋಟದ ಮಾಲಿ ಕೆಲಸ ಮಾಡುತ್ತಾ ಏನೋ ಗುನುಗುತ್ತಿದ್ದ. ಪಾದ್ರಿಯ ಸೋದರಿ ವಯಲೆಟ್ ಆಲ್ಫರ್ಡ್ ಜಾನಪದ ಬಲ್ಲವಳು. ಅದು ಹಳೇ ನಾಟಕದ ಮಾತು ಅಂತ ಅವಳಿಗೆ ಹೊಳೆಯಿತು. ನೆನಪಿದ್ದವರನ್ನೆಲ್ಲ ಕೂಡಿಸಿ, 1932ರಲ್ಲಿ ಆಟ ಮತ್ತೆ ಶುರುವಾಯಿತು. ಬಾತಿನಿಂದ ಆ ದಿನ ಬಸ್ಸು ನಂಬಬೇಡಿ, ಟ್ಯಾಕ್ಸಿಯನ್ನು ವಾರದ ಮುಂಚೆಯೇ ಹೇಳಿಡಿ, ವಾಪಸ್ ಬರುವುದಕ್ಕೂ ಸೇರಿಸಿ. ಇಂಗ್ಲೆಂಡಿನ ಕ್ರಿಸ್ಮಸ್ಸಿನಲ್ಲಿ ಟಿಕೆಟ್ಟಿಲ್ಲದೆ ನೋಡಬಹುದಾದ ಇಷ್ಟು ವಿಚಿತ್ರವಾದ ಇನ್ನೊಂದು ಸಂಗತಿ ನನಗೆ ಗೊತ್ತಿಲ್ಲ.

ಡರಮ್: ಗದ್ದಲ ಬೇಡದವರಿಗೆ

ಉತ್ತರಕ್ಕೆ ಹೋಗುವ ರೈಲು ಡರಮ್ ಸ್ಟೇಷನ್ ಸೇರುವ ಮುಂಚೆ ಎತ್ತರದ ಕಮಾನು ಸೇತುವೆಯ ಮೇಲೆ ನಿಧಾನಿಸುತ್ತದೆ. ಎದುರಿಗೆ ಗುಡ್ಡದ ಮೇಲೆ ಕ್ಯಾಥೆಡ್ರಲ್, ಪಕ್ಕದಲ್ಲಿ ಕೋಟೆ, ಕೆಳಗೆ ವೇರ್ ನದಿಯ ಬಳುಕು. ಯಾರ್ಕಿನಿಂದ ಮುಂದಕ್ಕೆ ಒಂದು ಗಂಟೆಯೂ ಆಗುವುದಿಲ್ಲ. ಆದರೂ ಬರುವವರು ಕಡಿಮೆ. ಇದು ವಿದ್ಯಾರ್ಥಿಗಳ ಊರು. ಡಿಸೆಂಬರ್ ಮಧ್ಯಕ್ಕೆ ಅವರೆಲ್ಲ ಮನೆಗೆ ಹೋಗಿ ಬೀದಿಗಳು ಖಾಲಿಯಾಗುತ್ತವೆ.

ಕ್ಯಾಥೆಡ್ರಲ್ ಕಟ್ಟಲು ಶುರುಮಾಡಿದ್ದು 1093ರಲ್ಲಿ. ಪ್ರವೇಶಕ್ಕೆ ಟಿಕೆಟ್ಟಿಲ್ಲ, ಮನಸ್ಸಿದ್ದಷ್ಟು ಕಾಣಿಕೆ. ಉತ್ತರದ ಬಾಗಿಲಿಗೆ ಸಿಂಹದಂಥ ಮುಖದ, ಬಾಗಿಲು ಬಡಿಯುವ ಕಂಚಿನ ಬಳೆಯಿದೆ. ತಪ್ಪು ಮಾಡಿ ಓಡಿಬಂದವನು ಇದನ್ನು ಬಡಿದರೆ 37 ದಿನ ಒಳಗೆ ಆಶ್ರಯ ಕೊಡುತ್ತಿದ್ದರು. ಈಗ ಅಲ್ಲಿರುವುದು ನಕಲು, ಮೂಲದ್ದು ಒಳಗೆ ಕಾಪಾಡಿಟ್ಟಿದ್ದಾರೆ. ನಡುರಾತ್ರಿಯ ಪ್ರಾರ್ಥನೆಗೆ ನನ್ನ ಮೆಚ್ಚಿನ ಜಾಗ ಇದು. ಕಂಬಗಳು ಆಳು ತಬ್ಬಲಾಗದಷ್ಟು ದಪ್ಪ, ಅವುಗಳ ಮೇಲೆ ಅಂಕುಡೊಂಕು ಗೀರುಗಳ ಕೆತ್ತನೆ. ಒಳಗೂ ಚಳಿಯೇ. ಕೋಟು ಬಿಚ್ಚಬೇಡಿ, ಕಾಲಿಗೆ ಎರಡು ಜೊತೆ ಉಣ್ಣೆ ಕಾಲುಚೀಲ ಇರಲಿ.

ತೊಂದರೆ ಅಂದರೆ ಏರು. ಸ್ಟೇಷನ್ನಿನಿಂದ ಇಳಿದು, ಸೇತುವೆ ದಾಟಿ, ಮತ್ತೆ ಕಲ್ಲುಹಾಸಿನ ಏರು ಹತ್ತಬೇಕು. ಮಂಡಿನೋವಿನವರಿಗೆ ಕಷ್ಟ, ಇಬ್ಬನಿ ಹೆಪ್ಪುಗಟ್ಟಿದ ದಿನ ಯಾರಿಗಾದರೂ ಕಷ್ಟ. 25ರಂದು ಊಟಕ್ಕೆ ಸಿಗುವ ಜಾಗಗಳೂ ಯಾರ್ಕಿಗಿಂತ ಕಡಿಮೆ. ಅಡಿಗೆಮನೆ ಇರುವ ಕೋಣೆ ಹಿಡಿದು ಅನ್ನ ಸಾರು ಮಾಡಿಕೊಳ್ಳುವವರಿಗೆ ಡರಮ್ ಸರಿಹೋಗುತ್ತದೆ. ಮಕ್ಕಳಿದ್ದರೆ 23ಕ್ಕೆ ರೈಲಿನಲ್ಲಿ ಹದಿನೈದೇ ನಿಮಿಷ ದೂರದ ನ್ಯೂಕಾಸಲಿಗೆ ಹೋಗಿ ಬನ್ನಿ. ಫೆನ್ವಿಕ್ ಅಂಗಡಿಯ ಗಾಜಿನ ಕಿಟಕಿಗಳಲ್ಲಿ 1971ರಿಂದ ಪ್ರತಿ ಕ್ರಿಸ್ಮಸ್ಸಿಗೆ ಕುಣಿಯುವ ಬೊಂಬೆಗಳ ಕತೆ ಕಟ್ಟುತ್ತಾರೆ. ಬೀದಿಯಲ್ಲಿ ನಿಂತು ನೋಡಬೇಕು, ಖರ್ಚಿಲ್ಲ.

ಕೇಂಬ್ರಿಡ್ಜ್: ರೇಡಿಯೋದಲ್ಲೇ ಚೆಂದ

ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನ ಕ್ಯಾರಲ್ ಪ್ರಾರ್ಥನೆ ಜಗತ್ತಿಗೇ ಗೊತ್ತು. ಬೈಬಲಿನಿಂದ ಓದುವ ಒಂಬತ್ತು ಭಾಗ, ನಡುನಡುವೆ ಹಾಡು. ಈ ಕ್ರಮ ಹುಟ್ಟಿದ್ದು 1880ರಲ್ಲಿ ಕಾರ್ನ್‌ವಾಲಿನ ಟ್ರೂರೋದಲ್ಲಿ. ಕಿಂಗ್ಸ್ ಅದನ್ನು ಶುರುಮಾಡಿದ್ದು 1918ರಲ್ಲಿ, ಮೊದಲ ಮಹಾಯುದ್ಧ ಮುಗಿದ ವರ್ಷ. 1928ರಿಂದ ಬಿಬಿಸಿ ಪ್ರಸಾರ ಮಾಡುತ್ತಿದೆ. 24ರ ಮಧ್ಯಾಹ್ನ 3 ಗಂಟೆಗೆ ಒಬ್ಬ ಹುಡುಗ ಒಂಟಿಯಾಗಿ ಮೊದಲ ಚರಣ ಹಾಡುತ್ತಾನೆ. ಯಾವ ಹುಡುಗ ಅಂತ ಕೊನೇ ಗಳಿಗೆವರೆಗೂ ಅವರಿಗೇ ಗೊತ್ತಿರುವುದಿಲ್ಲ.

ಆದರೆ ಒಳಗೆ ಜಾಗ ಸಿಗುವುದು ಅದೃಷ್ಟದ ಮಾತು, ತಿಂಗಳುಗಳ ಮುಂಚೆಯೇ ಟಿಕೆಟ್ಟಿಗೆ ಹೆಸರು ಕೊಡಬೇಕು. ಸಿಗದಿದ್ದರೆ ಆ ವಾರ ಕೇಂಬ್ರಿಡ್ಜಿನಲ್ಲಿ ಮುಚ್ಚಿದ ಕಾಲೇಜು ಬಾಗಿಲುಗಳನ್ನೇ ನೋಡಬೇಕು. ಯಾರ್ಕಿನ ಕೋಣೆಯಲ್ಲಿ ಕೂತು ರೇಡಿಯೋ ಹಾಕಿ. ಮೈಸೂರಿನಲ್ಲಿರುವವರೂ ರಾತ್ರಿ ಎಂಟೂವರೆಗೆ ಇಂಟರ್ನೆಟ್ಟಿನಲ್ಲಿ ಕೇಳಬಹುದು.

ಮೌಝಲ್: ಕಾರಿದ್ದರೆ, ಸಮುದ್ರ ಇಷ್ಟವಿದ್ದರೆ

ಇದು ಊರಲ್ಲ, ಹಳ್ಳಿ. ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ, ಪೆನ್‌ಝಾನ್ಸಿನ ಪಕ್ಕದ ಮೀನುಗಾರರ ಬಂದರು. ಮ್ಯಾಪಿನಲ್ಲಿ ಇಲಿಬಿಲದ ಇಂಗ್ಲಿಷ್ ಹೆಸರಿನಲ್ಲಿ ಹುಡುಕಿ. 1963ರಿಂದ ಇಲ್ಲಿಯವರು ಡಿಸೆಂಬರಿನಲ್ಲಿ ಬಂದರಿಗೆ ದೀಪ ಹಾಕುತ್ತಾರೆ. ನೀರಿನ ಮೇಲೆ ಬಣ್ಣದ ಬಲ್ಬಿನ ಕಡಲಹಾವು, ದಡದ ಉದ್ದಕ್ಕೂ ದೋಣಿ, ಮೀನು. ಎಲ್ಲ ಹಳ್ಳಿಯವರೇ ಸೇರಿ ಮಾಡುವ ಕೆಲಸ. ಡಿಸೆಂಬರ್ ಮಧ್ಯದಿಂದ ಹೊಸ ವರ್ಷದವರೆಗೂ ಇರುತ್ತದೆ, ಹಬ್ಬದ ದಿನಗಳಲ್ಲಿ ಹೋದವರಿಗೂ ಸಿಗುತ್ತದೆ.

1981ರ ಡಿಸೆಂಬರ್ 19ರ ರಾತ್ರಿ ಬಿರುಗಾಳಿಯಲ್ಲಿ ಯೂನಿಯನ್ ಸ್ಟಾರ್ ಅನ್ನುವ ಹಡಗು ಇಂಜಿನ್ ಕೆಟ್ಟು ದಡದ ಕಡೆ ತೇಲಿ ಬರುತ್ತಿತ್ತು. ಅದರಲ್ಲಿದ್ದವರನ್ನು ಉಳಿಸಲು ಈ ಹಳ್ಳಿಯ ಎಂಟು ಜನ ರಕ್ಷಣಾ ದೋಣಿಯಲ್ಲಿ ಹೋದರು. ಎರಡೂ ಕಡೆ ಸೇರಿ 16 ಜನ ಸತ್ತರು, ಎಂಟರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಸತ್ತವರಲ್ಲಿ ಊರಿನ ಪಬ್ಬಿನ ಒಡೆಯನೂ ಒಬ್ಬ. ದೀಪ ಆರಿಸಿಬಿಟ್ಟಿದ್ದರು, ಮತ್ತೆ ಹಚ್ಚಿ ಅಂತ ಕೇಳಿದ್ದು ಅವನ ಹೆಂಡತಿಯೇ. ಇವತ್ತಿಗೂ 19ರ ರಾತ್ರಿ 8ರಿಂದ 9ರವರೆಗೆ ಬಂದರಿನ ದೀಪಗಳನ್ನು ಆರಿಸುತ್ತಾರೆ. ಒಂದು ಶಿಲುಬೆ, ಇಬ್ಬರು ದೇವದೂತರ ದೀಪ ಮಾತ್ರ ಉಳಿಯುತ್ತದೆ. ಆ ಹೊತ್ತಿನಲ್ಲಿ ಅಲ್ಲಿದ್ದರೆ ಕ್ಯಾಮೆರಾ ಒಳಗಿಡಿ.

23ಕ್ಕೆ ಇನ್ನೊಂದು ಹಬ್ಬ, ಟಾಮ್ ಬಾಕಾಕ್ ಹೆಸರಿನಲ್ಲಿ. ಬಿರುಗಾಳಿಯ ದಿನಗಳಲ್ಲಿ ಹಳ್ಳಿ ಉಪವಾಸ ಬಿದ್ದಾಗ ಧೈರ್ಯ ಮಾಡಿ ಸಮುದ್ರಕ್ಕೆ ಹೋಗಿ ಏಳು ಬಗೆಯ ಮೀನು ತಂದವನಂತೆ. ಅವನ ನೆನಪಿಗೆ ಮಾಡುವ ಕಡುಬಿನ ಮೇಲೆ ಮೀನಿನ ತಲೆಗಳು ಆಕಾಶ ನೋಡುತ್ತಾ ಹೊರಗೆ ಚಾಚಿರುತ್ತವೆ. ಮಂಗಳೂರಿನವರು ಖುಷಿಪಡುತ್ತಾರೆ. ಸಸ್ಯಾಹಾರಿ ನೆಂಟರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಲಂಡನ್ನಿನಿಂದ ಪೆನ್‌ಝಾನ್ಸಿಗೆ ರೈಲಿನಲ್ಲಿ ಐದು ಗಂಟೆ ಮೇಲೆ. ಅಲ್ಲಿಂದ ಹಳ್ಳಿಗೆ ಬಸ್ಸಿದೆ, 25ಕ್ಕೆ ಇಲ್ಲ. ಬೀದಿಗಳು ಕಿರಿದು, ಕಾರು ನಿಲ್ಲಿಸುವುದೇ ಒಂದು ಸಾಹಸ. ಮಳೆ ಗಾಳಿ ಖಚಿತ. 19ರಿಂದ 24ರವರೆಗೆ ಹೋಗಿ, 24ರ ಬೆಳಿಗ್ಗೆಯೇ ಹೊರಟುಬಿಡುವುದು ನನ್ನ ಸಲಹೆ.

ಹಿಮ, ಬೆಳಕು, ಮತ್ತು ತಟ್ಟೆ

ಹಿಮ ಬೀಳುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಬೀಳುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಬ್ರಿಟನ್ನಿನ ಹವಾಮಾನ ಇಲಾಖೆ ಲೆಕ್ಕಕ್ಕೆ 25ರಂದು ಎಲ್ಲಾದರೂ ಒಂದೇ ಒಂದು ಹಿಮದ ಚೂರು ಬಿದ್ದರೂ ಅದು ಬಿಳಿ ಕ್ರಿಸ್ಮಸ್. ಹಾಗಾಗಿ ಪತ್ರಿಕೆಯ ಸುದ್ದಿ ಬೇರೆ, ನಿಮ್ಮ ಕಿಟಕಿ ಬೇರೆ. ದೇಶದ ತುಂಬ ನೆಲ ಬೆಳ್ಳಗಾದದ್ದು 2010ರಲ್ಲಿ. ಹಿಮಕ್ಕೋಸ್ಕರ ಡರಮ್ ಆರಿಸಬೇಡಿ.

ಬೆಳಕು ನಿಜವಾದ ವಿಷಯ. ಡರಮ್, ಯಾರ್ಕಿನಲ್ಲಿ ಸೂರ್ಯ ಸುಮಾರು 3:40ಕ್ಕೆ ಮುಳುಗುತ್ತಾನೆ, ಬಾತಿನಲ್ಲಿ 4ಕ್ಕೆ, ಪೆನ್‌ಝಾನ್ಸಿನಲ್ಲಿ 4:20ಕ್ಕೆ. ಬೆಳಗಾಗುವುದು ಎಂಟು ದಾಟಿದ ಮೇಲೆ. ನೋಡುವುದನ್ನೆಲ್ಲ ಹತ್ತರಿಂದ ಮೂರರೊಳಗೆ ಮುಗಿಸಬೇಕು.

ಸಂಜೆಗೆ ಪ್ಯಾಂಟೊಮೈಮ್ ಇದೆ. ಬಾತಿನ ಥಿಯೇಟರ್ ರಾಯಲ್‌ನಲ್ಲೂ ಯಾರ್ಕಿನಲ್ಲೂ ಪ್ರತಿ ವರ್ಷ ಇರುತ್ತದೆ. ಗಂಡಸು ಹೆಣ್ಣುವೇಷ ಹಾಕಿ ಹಾಸ್ಯ ಮಾಡುವುದು, ಸ್ಥಳೀಯ ರಾಜಕೀಯದ ಚುಚ್ಚುಮಾತು, ಖಳ ಬಂದರೆ ಮಕ್ಕಳು "ಹಿಂದೆ ನೋಡು, ಹಿಂದೆ ನೋಡು" ಅಂತ ಕಿರುಚುವುದು. ನಮ್ಮ ಕಂಪನಿ ನಾಟಕ ನೋಡಿ ಬೆಳೆದ ಹಿರಿಯರಿಗೆ ಭಾಷೆ ಅರ್ಧ ಗೊತ್ತಾಗದಿದ್ದರೂ ಮಜಾ ಸಿಗುತ್ತದೆ.

ಸಸ್ಯಾಹಾರಿಗಳು ಇಷ್ಟು ತಿಳಿದಿರಬೇಕು. 25ರ ಊಟದಲ್ಲಿ ಟರ್ಕಿ ಕೋಳಿ ಬಿಟ್ಟು ತರಕಾರಿ ತಿಂದರೆ ಆಯಿತು ಅಂದುಕೊಳ್ಳಬೇಡಿ. ಹುರಿದ ಆಲೂಗಡ್ಡೆಗೆ ಬಾತುಕೋಳಿಯದೋ ದನದ್ದೋ ಕೊಬ್ಬು ಹಾಕಿರಬಹುದು. ಗ್ರೇವಿ ಮಾಂಸದ ರಸ. ಕ್ರಿಸ್ಮಸ್ ಪುಡ್ಡಿಂಗಿಗೂ ಮಿನ್ಸ್ ಪೈ ಹೂರಣಕ್ಕೂ ಹಾಕುವ ಸೂಯೆಟ್ ಸಾಂಪ್ರದಾಯಿಕವಾಗಿ ದನದ ಕೊಬ್ಬು. ಪುಡ್ಡಿಂಗಿನಲ್ಲಿ ಮೊಟ್ಟೆ, ಬ್ರಾಂದಿಯೂ ಇರುತ್ತದೆ. ಈಗ ಸಸ್ಯದ ಸೂಯೆಟ್ ಹಾಕುವವರೇ ಹೆಚ್ಚು. ಆದರೂ ಡಬ್ಬಿಯ ಮೇಲೆ ಓದಿ, ಪಬ್ಬಿನಲ್ಲಿ ಬಾಯಿಬಿಟ್ಟು ಕೇಳಿ. ಅವರಿಗೆ ಬೇಸರವಿಲ್ಲ. ಪಬ್ಬಿನ ಕ್ರಿಸ್ಮಸ್ ಊಟಕ್ಕೆ ಮುಂಗಡ ಕೊಟ್ಟು, ಯಾರಿಗೆ ಏನು ಅಂತ ವಾರಗಳ ಮುಂಚೆಯೇ ಬರೆದು ಕೊಡಬೇಕು, ಬೆಲೆ ಮಾಮೂಲಿ ದಿನದ ಎರಡು ಮೂರು ಪಟ್ಟು. ನಟ್ ರೋಸ್ಟ್ ಅನ್ನುವ ಬೀಜಗಳ ಕಟ್ಲೆಟಿನಂಥದ್ದು ಸಸ್ಯಾಹಾರಿಗಳ ಪಾಲಿಗೆ ಬರುತ್ತದೆ. ಒಳ್ಳೆಯ ಕೈಯಲ್ಲಿ ರುಚಿ, ಇಲ್ಲದಿದ್ದರೆ ಇಟ್ಟಿಗೆ. ಯಾವುದೂ ಸಿಗದಿದ್ದರೆ ಊರಿನ ಇಂಡಿಯನ್ ಹೋಟೆಲಿಗೆ ಫೋನು ಮಾಡಿ ನೋಡಿ, 25ರಂದು ತೆರೆಯುವವರಲ್ಲಿ ಅವರೂ ಇರುತ್ತಾರೆ. ಹಾಲು, ತರಕಾರಿ 24ರ ಮಧ್ಯಾಹ್ನದೊಳಗೆ ಕೊಂಡಿಡಿ, ಸೂಪರ್ ಮಾರ್ಕೆಟ್ಟುಗಳು ಆ ಸಂಜೆ ಬೇಗ ಮುಚ್ಚುತ್ತವೆ.

ಬುಕ್ ಮಾಡುವ ಕ್ರಮ

ಮೊದಲು ಕೋಣೆ, 24ರಿಂದ 27ಕ್ಕೆ, ಬೇಸಿಗೆ ಮುಗಿಯುವ ಹೊತ್ತಿಗೇ. ಆಮೇಲೆ 25ರ ಊಟ. ಆಮೇಲೆ ಪ್ರಾರ್ಥನೆಯ ಟಿಕೆಟ್ ಬೇಕಾಗುವ ಕಡೆ ಅದು. ರೈಲು ಕೊನೆಗೆ. ಅಗ್ಗದ ಟಿಕೆಟ್ ಸಾಮಾನ್ಯವಾಗಿ ಹನ್ನೆರಡು ವಾರ ಮುಂಚೆ ಬಿಡುತ್ತಾರೆ, ಕ್ರಿಸ್ಮಸ್ ವಾರದ್ದು ಮಾತ್ರ ತಡವಾಗುತ್ತದೆ. ಹಳಿ ದುರಸ್ತಿಯ ದೊಡ್ಡ ಕೆಲಸಗಳನ್ನೆಲ್ಲ ಅದೇ ವಾರಕ್ಕೆ ಇಟ್ಟುಕೊಂಡಿರುತ್ತಾರೆ. 27ಕ್ಕೆ ವಾಪಸ್ ಬರುವವರು ನಿಮ್ಮ ಮಾರ್ಗದಲ್ಲಿ ಕೆಲಸ ಇದೆಯಾ ಅಂತ ನೋಡಿಯೇ ಟಿಕೆಟ್ ತೆಗೆಯಿರಿ. 24ರಂದು ರೈಲುಗಳು ಸಂಜೆಗೇ ನಿಲ್ಲುತ್ತವೆ, ಮಧ್ಯಾಹ್ನ ಮೂರರೊಳಗೆ ಊರು ಸೇರುವ ಹಾಗೆ ನೋಡಿಕೊಳ್ಳಿ.

ಬೆಂಗಳೂರಿನಿಂದ ಬರುವವರಿಗೆ ಇನ್ನೊಂದು ಮಾತು. ಹೀಥ್ರೂಗೆ ನೇರ ವಿಮಾನವಿದೆ. 25ಕ್ಕೆ ಇಳಿಯುವ ಟಿಕೆಟ್ಟು ಅಗ್ಗಕ್ಕೆ ಕಂಡರೂ ಕೊಳ್ಳಬೇಡಿ. ಆ ದಿನ ವಿಮಾನ ನಿಲ್ದಾಣದಿಂದ ಹೊರಗೆ ಬರಲು ರೈಲಿಲ್ಲ, ಇರುವುದು ಕೆಲವೇ ದೂರದ ಬಸ್ಸುಗಳು ಮತ್ತು ಹಬ್ಬದ ದರದ ಟ್ಯಾಕ್ಸಿ. 22 ಅಥವಾ 23ಕ್ಕೆ ಇಳಿಯಿರಿ, ಒಂದು ರಾತ್ರಿ ನಿದ್ದೆ ಮಾಡಿ, 24ರ ಬೆಳಗಿನ ರೈಲು ಹಿಡಿಯಿರಿ.